ಮರವು ಹೊಗೆ ಕುಡಿಯುವುದೇ?

ಕಳೆದ ಮಳೆಗಾಲದಲ್ಲಿ ನಮ್ಮ ಕಾಲೇಜಿನ ವನಮಹೋತ್ಸವಕ್ಕೆ ದಯಮಾಡಿಸಿದ್ದ ಅತಿಥಿಗಳೊಬ್ಬರು, ರಸ್ತೆಯ ಕಡೆಯ ಕಾಂಪೌಂಡಿನ ಉದ್ದಕ್ಕೂ ಸಸಿಗಳನ್ನು ನೆಡಿಸಿ, ಕೈಗೆ ಅಂಟಿದ ಮಣ್ಣನ್ನು ತೊಳೆದುಕೊಳ್ಳುತ್ತ, "ಇನ್ನೈದು ವರ್ಷ ತಾಳಿ; ಈ ಲಾರಿಗಳ ಹೊಗೆಯನ್ನೆಲ್ಲ ಈ ಮರಗಳೇ ಕುಡಿದುಹಾಕುತ್ತವೆ" ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಕುಡಿಯುತ್ತವೆ, ಸರಿಯೇ, ಕುಡಿದ ಮೇಲೆ ಅವುಗಳ ಪಾಡೇನು? ಶಿವನಿಗಾದರೋ ವಿಷ ಕಂಠದಲ್ಲೇ ನಿಂತಿತು. ಹೊಂಗೆಯ ಮರಕ್ಕೆ ಅದು ಎಲ್ಲಿ ನಿಲ್ಲಬೇಕು?

ನಾನು ಇತಿಹಾಸ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿ. ಕಲಾ ಕಾಲೇಜಿನವನೊಬ್ಬ ಎಲೆಯ ರಸಾಯನದ ವಿಷಯ ಬರೆಯಹೊರಟಿರುವುದನ್ನು ಕಂಡು ನಮ್ಮ ಅಧ್ಯಾಪಕ ವರ್ಗದಲ್ಲಿ ಕೆಲವರಾದರೂ ನಗಬಹುದು. ಆದರೆ ಪ್ರಶ್ನೆ ಹುಟ್ಟುವುದಕ್ಕೆ ಪ್ರಯೋಗಾಲಯ ಬೇಕಿಲ್ಲವಷ್ಟೆ. ನಮ್ಮ ಆವರಣದಲ್ಲೇ ಎರಡು ಹೊಂಗೆಯ ಮರಗಳಿವೆ. ಒಂದು ಹೆಬ್ಬಾಗಿಲ ಪಕ್ಕದಲ್ಲಿ, ಬಸ್ಸುಗಳು ಇಂಜಿನ್ ನಿಲ್ಲಿಸದೆ ಕಾಯುವ ಜಾಗದ ನೆತ್ತಿಯ ಮೇಲೆ. ಇನ್ನೊಂದು ಗ್ರಂಥಾಲಯದ ಹಿಂದೆ, ಬಾವಿಯ ಹತ್ತಿರ. ಯುಗಾದಿಯ ಸುಮಾರಿಗೆ ಎರಡೂ ತಳಿರೊಡೆಯುತ್ತವೆ. ಆಗ ಅವುಗಳೊಳಗೆ ಏನೂ ಭೇದವಿಲ್ಲ. ದೀಪಾವಳಿ ಕಳೆದು ನೋಡಿರಿ. ಹೆಬ್ಬಾಗಿಲ ಮರದ ಎಲೆಯನ್ನು ಬೆರಳಿನಿಂದ ಸವರಿದರೆ ಬೆರಳು ಕಪ್ಪಾಗುತ್ತದೆ. ತೊಳೆದು ನೋಡಿದರೂ ಅಂಚು ಕಂದಿ, ನರಗಳ ನಡುವೆ ಹಳದಿ ತಿರುಗಿರುತ್ತದೆ. ಬಾವಿಯ ಬಳಿಯ ಮರದ ಎಲೆ ಆಗಲೂ ಹಸಿರಾಗಿರುತ್ತದೆ. ಒಂದೇ ಜಾತಿ, ಒಂದೇ ಮಣ್ಣು, ಹೆಚ್ಚೆಂದರೆ ನೂರೈವತ್ತು ಹೆಜ್ಜೆಗಳ ಅಂತರ. ಇದರ ಕಾರಣವನ್ನು ಹುಡುಕುತ್ತ ನಾನು ಓದಿದ್ದು, ನೆರೆಯ ವಿಜ್ಞಾನ ಕಾಲೇಜಿನ ಮಿತ್ರನೊಬ್ಬನನ್ನು ಪೀಡಿಸಿ ಕೇಳಿ ತಿಳಿದದ್ದು, ಅದರಿಂದ ನನ್ನಲ್ಲಿ ಉಂಟಾದ ಅಭಿಪ್ರಾಯ, ಇವಿಷ್ಟೇ ಈ ಲೇಖನದ ಬಂಡವಾಳ.

ಎಲೆಗೆ ಬಾಯಿಲ್ಲ, ಆದರೆ ಅದರ ಮೈತುಂಬ, ಬಹುಮಟ್ಟಿಗೆ ಕೆಳಮೈಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಪತ್ರರಂಧ್ರಗಳೆಂದು ಅವುಗಳ ಹೆಸರು. ಇಂಗಾಲಾಮ್ಲವಾಯು ಒಳಬರುವುದೂ ನೀರಾವಿ ಹೊರಹೋಗುವುದೂ ಇವುಗಳ ಮೂಲಕವೇ. ಈ ಬಾಗಿಲಿಗೆ ಕಾವಲುಗಾರರೇನೋ ಇದ್ದಾರೆ, ಆದರೆ ಅವರಿಗೆ ಬಂದವರ ಮುಖಪರಿಚಯ ಸಾಲದು. ಇಂಗಾಲಾಮ್ಲಕ್ಕೆಂದು ತೆರೆದ ಬಾಗಿಲಿನಲ್ಲಿ ಗಂಧಕದ ಡೈಆಕ್ಸೈಡೂ ನುಗ್ಗುತ್ತದೆ, ಓಜೋನೂ ನುಗ್ಗುತ್ತದೆ.

ಗಂಧಕದ ಡೈಆಕ್ಸೈಡನ್ನೇ ಮೊದಲು ತೆಗೆದುಕೊಳ್ಳೋಣ. ಕಲ್ಲಿದ್ದಲನ್ನು ಉರಿಸಿದಾಗ ಬರುವ ಅನಿಲವಿದು. ಎಲೆಯೊಳಗಿನ ತೇವದಲ್ಲಿ ಕರಗಿ ಸಲ್ಫೈಟ್ ಆಗುತ್ತದೆ, ಸಲ್ಫೈಟ್ ವಿಷ. ಸಸ್ಯದಲ್ಲಿ ಇದಕ್ಕೆಂದೇ ಒಂದು ಕಿಣ್ವವಿದೆ. ಅದು ಸಲ್ಫೈಟನ್ನು ಸಲ್ಫೇಟಾಗಿ ಮಾರ್ಪಡಿಸುತ್ತದೆ. ಸಲ್ಫೇಟಾದರೋ ಬೇರುಗಳು ಮಣ್ಣಿನಿಂದ ಹೀರುವ ಆಹಾರವೇ. ಆದುದರಿಂದ ಅನಿಲ ಅತ್ಯಲ್ಪವಾಗಿದ್ದರೆ ಗಿಡ ಅದನ್ನು ಉಂಡು ಜೀರ್ಣಿಸಿಕೊಳ್ಳಬಲ್ಲದು. ಗಂಧಕ ಕಡಮೆಯಿರುವ ಮಣ್ಣಿನಲ್ಲಿ ಇದರಿಂದ ಪ್ರಯೋಜನವೂ ಉಂಟು. ಅತಿಥಿಗಳ ಮಾತಿನಲ್ಲಿ ಇಷ್ಟು ಸತ್ಯವಿದೆಯೆಂದು ನಾನು ಒಪ್ಪಲೇಬೇಕು. ಆದರೆ ಬರುವುದು ಜೀರ್ಣಶಕ್ತಿಯನ್ನು ಮೀರಿದಾಗ ಎಲೆಯ ರಸ ಹುಳಿಯಾಗುತ್ತದೆ. ಪತ್ರಹರಿತ್ತಿನ ಅಣುವಿನ ನಡುಮನೆಯಲ್ಲಿ ಮೆಗ್ನೀಸಿಯಮ್ಮಿನ ಒಂದು ಪರಮಾಣು ಕುಳಿತಿರುತ್ತದೆ. ಹುಳಿ ಅದನ್ನು ಎಬ್ಬಿಸಿ ಅಟ್ಟುತ್ತದೆ. ಹಸಿರು ಹೋಗಿ ಕಂದು ಉಳಿಯುತ್ತದೆ. ಇದನ್ನು ನೋಡಲು ಉಷ್ಣವಿದ್ಯುತ್ ಸ್ಥಾವರದ ಬಳಿಗೆ ಹೋಗಬೇಕಾಗಿಲ್ಲ. ಬೇಯುತ್ತಿರುವ ಹಸಿರು ಸೊಪ್ಪಿಗೆ ನಿಮ್ಮ ತಾಯಿ ಹುಣಿಸೆಹಣ್ಣು ಹಿಂಡಿದೊಡನೆ ಅದರ ಬಣ್ಣ ಮಂಕಾಗುವುದನ್ನು ಕಂಡಿದ್ದೀರಲ್ಲವೇ? ಒಲೆಯ ಮೇಲೆ ನಡೆಯುವುದೂ ಕೊಂಬೆಯ ಮೇಲೆ ನಡೆಯುವುದೂ ಒಂದೇ ರಸಾಯನಕ್ರಿಯೆ.

ಓಜೋನಿನ ಕಥೆ ಇದಕ್ಕಿಂತ ಸೂಕ್ಷ್ಮ, ಇದಕ್ಕಿಂತ ದುಃಖದ್ದು. ಮೇಲಿನ ಆಕಾಶದಲ್ಲಿದ್ದು ನಮ್ಮನ್ನು ಕಾಯುವ ಓಜೋನೇ ನೆಲದ ಹತ್ತಿರ ಶತ್ರು. ಅದು ಯಾವ ವಾಹನದ ಕೊಳವೆಯಿಂದಲೂ ನೇರವಾಗಿ ಹೊರಬರುವುದಿಲ್ಲ. ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ಸುತ್ತ 1944ರಲ್ಲಿ ತರಕಾರಿ ಬೆಳೆಯುವವರು ಸೊಪ್ಪಿನ ಎಲೆಗಳ ಮೇಲೆ ವಿಚಿತ್ರವಾದ ಕಲೆಗಳನ್ನು ಕಂಡರು. ಹುಳುವಲ್ಲ, ಬೂಷ್ಟಲ್ಲ, ಗಂಧಕದ ಗುರುತೂ ಅಲ್ಲ. ಅನಾನಸಿನ ಪರಿಮಳ ಯಾವ ದ್ರವ್ಯಗಳಿಂದ ಬರುತ್ತದೆಂದು ಶೋಧಿಸುತ್ತಿದ್ದ ಹಾಗನ್‌ಸ್ಮಿತ್ ಎಂಬ ಜೀವರಸಾಯನ ವಿಜ್ಞಾನಿ ಆ ಊರಿನ ಮಬ್ಬುಗಾಳಿಯನ್ನೂ ಅದೇ ಜಾಣ್ಮೆಯಿಂದ ಬಿಡಿಸಿ ನೋಡಿದರು. ಪೆಟ್ರೋಲಿನ ಆವಿಯೂ ನೈಟ್ರೊಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿದಾಗ ಓಜೋನ್ ಹುಟ್ಟುತ್ತದೆಂದು 1952ರಲ್ಲಿ ತೋರಿಸಿದರು. ಮನುಷ್ಯರ ಕಣ್ಣುರಿಯ ಮರ್ಮ ಬಿಡಿಸಿದ ವಿದ್ಯೆ ಹಣ್ಣಿನ ಪರಿಮಳದಿಂದ ಬಂದುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಪರೀಕ್ಷೆಯ ಹಿಂದಿನ ರಾತ್ರಿ ಕಾದಂಬರಿ ಓದುವವರು ಇದನ್ನು ತಮ್ಮ ಸಮರ್ಥನೆಗೆ ಬಳಸಿಕೊಳ್ಳಬಹುದು!

ಎಲೆಯೊಳಕ್ಕೆ ಹೊಕ್ಕ ಓಜೋನ್ ಬಹಳ ಹೊತ್ತು ಓಜೋನಾಗಿ ಉಳಿಯುವುದಿಲ್ಲ. ಜೀವಕೋಶಗಳ ಹೊರಗೋಡೆಯ ತೇವದಲ್ಲೇ ಒಡೆದು, ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಅವುಗಳಲ್ಲಿ ಒಂದು. ಗಾಯ ತೊಳೆಯಲು ಔಷಧದ ಅಂಗಡಿಯಲ್ಲಿ ಕೊಡುವ, ನೊರೆಯೇಳುವ ದ್ರವವೇ ಅದು. ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಈ ಉಗ್ರರೂಪಗಳು ಸುಡುತ್ತವೆ. ಸಸ್ಯವೇನೂ ಕೈಕಟ್ಟಿ ಕೂಡುವುದಿಲ್ಲ. ಮುಂಚೂಣಿಯಲ್ಲಿ ನಿಲ್ಲುವುದು ಆಸ್ಕಾರ್ಬಿಕ್ ಆಮ್ಲ, ಅಂದರೆ ನೆಲ್ಲಿಕಾಯಿಯಲ್ಲಿ ನಾವು ಹುಡುಕುವ ಜೀವಸತ್ವ 'ಸಿ'. ಅದು ತಾನು ಸುಟ್ಟುಕೊಂಡು ಪೊರೆಯನ್ನು ಉಳಿಸುತ್ತದೆ. ಸುಟ್ಟುಹೋದ ಆಸ್ಕಾರ್ಬಿಕ್ ಆಮ್ಲವನ್ನು ಮತ್ತೆ ಮೊದಲಿನಂತೆ ಮಾಡುವುದು ಗ್ಲೂಟಾಥಯೋನ್ ಎಂಬ ಇನ್ನೊಂದು ದ್ರವ್ಯದ ಕೆಲಸ. ಗ್ಲೂಟಾಥಯೋನನ್ನು ಎಬ್ಬಿಸಿ ನಿಲ್ಲಿಸುವುದು ಬೆಳಕಿನಿಂದಲೂ ಸಕ್ಕರೆಯಿಂದಲೂ ಬಂದ ಶಕ್ತಿ. ಇದಲ್ಲದೆ 1969ರಲ್ಲಿ ಪತ್ತೆಯಾದ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್, ಅದರ ಜೊತೆಗೆ ಕ್ಯಾಟಲೇಸ್, ಪೆರಾಕ್ಸಿಡೇಸ್ ಮುಂತಾದ ಕಿಣ್ವಗಳೂ ಓಡಾಡುತ್ತವೆ. ಬಣವೆಗೆ ಬೆಂಕಿ ಬಿದ್ದಾಗ ಊರಿನವರು ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ, ಹಾಗೆ. ಬೆಂಕಿ ಆರುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಹೊಲದಲ್ಲಿ ಕೆಲಸ ಮಾಡುವವರು ಯಾರು? ಕೊಡ ಹೊತ್ತವರ ಕೂಲಿ ಎಲ್ಲಿಂದ ಬರಬೇಕು? ಕಾಂಡಕ್ಕೆ, ಬೇರಿಗೆ, ಕಾಳಿಗೆ ಹೋಗಬೇಕಾಗಿದ್ದ ಸಕ್ಕರೆಯೇ ಇಲ್ಲಿ ಖರ್ಚಾಗುತ್ತದೆ. ಎಲೆಯ ಮೇಲೆ ಒಂದು ಚುಕ್ಕೆಯೂ ಕಾಣದೆ ಬೆಳೆ ಕಡಮೆಯಾಗುವುದು ಹೀಗೆ.

ಬಾಗಿಲು ಮುಚ್ಚಿಕೊಂಡರಾಗದೇ ಎಂದು ಕೇಳಬಹುದು. ಮುಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ನೀರು ಸಾಲದಾದಾಗ ಆಬ್ಸಿಸಿಕ್ ಆಮ್ಲವೆಂಬ ಸಂದೇಶವಾಹಕ ಹೊರಟು ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ಓಜೋನ್ ಹೆಚ್ಚಾದಾಗಲೂ ರಂಧ್ರಗಳು ಬಹುಮಟ್ಟಿಗೆ ಕಿರಿದಾಗುತ್ತವೆ. ಆಗ ವಿಷವೂ ಒಳಬರದು, ಇಂಗಾಲಾಮ್ಲವೂ ಒಳಬರದು. ಅಂದರೆ ಮಟಮಟ ಮಧ್ಯಾಹ್ನ, ಬಿಸಿಲು ಹೇರಳವಾಗಿರುವ ಹೊತ್ತಿನಲ್ಲಿ, ಗಿಡ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಉಪವಾಸವೋ, ವಿಷಾನ್ನವೋ. ಉಪವಾಸವೂ ಸುಖದ್ದಲ್ಲ, ಇಂಗಾಲಾಮ್ಲವಿಲ್ಲದ ಎಲೆಯ ಮೇಲೆ ಬಿದ್ದ ಬಿಸಿಲಿನ ಶಕ್ತಿಗೆ ಬೇರೆ ದಾರಿ ಕಾಣದೆ ಅದೇ ಆಮ್ಲಜನಕದ ಉಗ್ರರೂಪಗಳನ್ನು ಒಳಗಿಂದಲೇ ಹುಟ್ಟಿಸುತ್ತದೆ. ಬರಗಾಲ, ಉಪ್ಪುಮಣ್ಣು, ಸುಡುಬಿಸಿಲು, ಹೊಗೆ, ಹೊರಗಿನಿಂದ ಇವು ನಾಲ್ಕು ಬೇರೆ ಬೇರೆ ಕಷ್ಟಗಳು. ಎಲೆಯೊಳಗೆ ಎಲ್ಲವೂ ಬಂದು ಸೇರುವುದು ಈ ಒಂದೇ ಉರಿಗೆ. ಬಾಡಿದ ಹುಲ್ಲಿನಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಗುಡ್ಡೆಯಾಗುವುದನ್ನು 1954ರಲ್ಲೇ ಕಂಡುಕೊಂಡರು. ನೀರನ್ನು ಹಿಡಿದಿಟ್ಟುಕೊಳ್ಳಲು ಜೀವಕೋಶ ಮಾಡುವ ಸನ್ನಾಹಗಳಲ್ಲಿ ಅದೂ ಒಂದು. ಉಪ್ಪಿನ ನೆಲದ ಗಿಡದಲ್ಲೂ ಹೊಗೆಯಲ್ಲಿ ನಿಂತ ಗಿಡದಲ್ಲೂ ಅದೇ ಪ್ರೋಲಿನ್ ಹೆಚ್ಚಿರುವುದನ್ನು ಈಚಿನವರು ಅಳೆದಿದ್ದಾರೆ.

ಇನ್ನು ಗಾಳಿಯಲ್ಲಿ ಬಂದು ಗಿಡವನ್ನು ಮೋಸಗೊಳಿಸುವ ಅನಿಲವೂ ಒಂದುಂಟು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲ್ಯುಬೊವ್ ಎಂಬ ವಿದ್ಯಾರ್ಥಿ ಪ್ರಯೋಗಾಲಯದೊಳಗೆ ಬೆಳೆಸಿದ ಬಟಾಣಿಯ ಮೊಳಕೆಗಳು ನೆಟ್ಟಗೆ ಏಳದೆ ಅಡ್ಡಡ್ಡವಾಗಿ ಬೆಳೆಯುತ್ತಿದ್ದವು. ಹೊರಗಿನ ಗಾಳಿಯಲ್ಲಿ ಮಾತ್ರ ನೆಟ್ಟಗಾಗುತ್ತಿದ್ದವು. ದೀಪ ಉರಿಸುವ ಅನಿಲದಲ್ಲಿದ್ದ ಎಥಿಲೀನೇ ಇದಕ್ಕೆ ಕಾರಣವೆಂದು ಆತ 1901ರಲ್ಲಿ ಪ್ರಕಟಿಸಿದ. ಎಥಿಲೀನ್ ಸಸ್ಯ ತಾನೇ ತಯಾರಿಸುವ ಹಾರ್ಮೋನೆಂಬುದು ಆಮೇಲೆ ತಿಳಿಯಿತು. ಹಣ್ಣು ಮಾಗುವುದೂ ಎಲೆ ಉದುರುವುದೂ ಅದರ ಆಜ್ಞೆಯಿಂದ. ನೋವಾದಾಗ, ನೀರಿಲ್ಲದಾಗ, ಓಜೋನ್ ಸುಟ್ಟಾಗ ಗಿಡ ಅದನ್ನು ಹೆಚ್ಚಾಗಿ ಹೊರಡಿಸುತ್ತದೆ. ಹೆಬ್ಬಾಗಿಲ ಹೊಂಗೆ ತನ್ನ ಎಲೆಗಳನ್ನು ಬಾವಿಯ ಹೊಂಗೆಗಿಂತ ಮೊದಲೇ ಉದುರಿಸುವುದನ್ನು ಕಂಡಾಗಲೆಲ್ಲ ನನಗೆ ಆ ಬಟಾಣಿ ಮೊಳಕೆಗಳ ನೆನಪಾಗುತ್ತದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಯಾವ ಮರ ಮಾಲಿನ್ಯವನ್ನು ತಾಳಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಸೂತ್ರ ಬಳಕೆಯಲ್ಲಿದೆ. ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಿಂಗ್ ಮತ್ತು ರಾವ್ ಎಂಬ ವಿದ್ವಾಂಸರು 1983ರಲ್ಲಿ ಮುಂದಿಟ್ಟದ್ದು. ಎಲೆಯ ಪತ್ರಹರಿತ್ತಿನ ಪ್ರಮಾಣಕ್ಕೆ ಎಲೆಯ ರಸದ ಪಿ.ಎಚ್. ಅಂಕವನ್ನು ಕೂಡಿ, ಅದನ್ನು ಆಸ್ಕಾರ್ಬಿಕ್ ಆಮ್ಲದ ಪ್ರಮಾಣದಿಂದ ಗುಣಿಸಿ, ಎಲೆಯ ಸಾಪೇಕ್ಷ ಜಲಾಂಶವನ್ನು ಸೇರಿಸಿ, ಹತ್ತರಿಂದ ಭಾಗಿಸುವುದು. ಬಂದ ಅಂಕ ಹೆಚ್ಚಾದರೆ ಸಹಿಷ್ಣು, ಕಡಮೆಯಾದರೆ ಸೂಕ್ಷ್ಮ. ಅಗ್ಗವಾದ, ಸಾಧಾರಣ ಪ್ರಯೋಗಾಲಯದಲ್ಲೂ ಸಾಧ್ಯವಾದ ಪರೀಕ್ಷೆ. ಅದನ್ನು ರೂಪಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಬಳಸುವವರ ಬಗ್ಗೆ ಸಂಶಯವುಂಟು. ಒಂದು ಲೆಕ್ಕ ಮಾಡಿ ನೋಡೋಣ. ಆಸ್ಕಾರ್ಬಿಕ್ ಆಮ್ಲ 5, ಪತ್ರಹರಿತ್ತು 2, ಪಿ.ಎಚ್. 6, ಜಲಾಂಶ ನೂರಕ್ಕೆ 80 ಎಂದಿಟ್ಟುಕೊಳ್ಳಿ. ಎರಡೂ ಆರೂ ಎಂಟು, ಐದರಿಂದ ಗುಣಿಸಿದರೆ 40, ಎಂಬತ್ತನ್ನು ಕೂಡಿದರೆ 120, ಅಂಕ 12. ಈ ಹನ್ನೆರಡರಲ್ಲಿ ಎಂಟು ಬಂದದ್ದು ಬರೀ ನೀರಿನಿಂದ! ಮಳೆ ಬಂದ ವಾರದಲ್ಲಿ ಎಲೆ ಕಿತ್ತವನಿಗೂ ಏಪ್ರಿಲ್ಲಿನಲ್ಲಿ ಕಿತ್ತವನಿಗೂ ಒಂದೇ ಮರ ಬೇರೆ ಬೇರೆ ಅಂಕ ಕೊಡುವುದರಲ್ಲಿ ಆಶ್ಚರ್ಯವೇನು? ಒಂದೂರಿನಲ್ಲಿ ತೇರ್ಗಡೆಯಾದ ಜಾತಿ ಇನ್ನೊಂದೂರಿನಲ್ಲಿ ನಪಾಸಾಗುವುದು ಈ ಸಾಹಿತ್ಯದಲ್ಲಿ ಸಾಮಾನ್ಯ. ಇನ್ನೊಂದು ಮಾತು: ಹೊಗೆಯಲ್ಲಿ ನಿಂತ ಮರ ಕಷ್ಟಕ್ಕೆ ಸಿಕ್ಕಿಯೇ ಆಸ್ಕಾರ್ಬಿಕ್ ಆಮ್ಲವನ್ನು ಹೆಚ್ಚಿಸಿಕೊಂಡಿರಬಹುದು. ಜ್ವರದವನ ಮೈ ಬಿಸಿಯನ್ನು ಮುಟ್ಟಿ ನೋಡಿ 'ಎಂಥ ಚೈತನ್ಯ!' ಎಂದಂತಾಗಲಿಲ್ಲವೇ ಇದು?

ಇಂಥ ಅಂಕಪಟ್ಟಿಯನ್ನು ಹಿಡಿದು ಕಾರ್ಖಾನೆಯ ಸುತ್ತಲೂ ಹೆದ್ದಾರಿಯ ಬದಿಯಲ್ಲೂ 'ಸಹಿಷ್ಣು' ಜಾತಿಗಳನ್ನೇ ನೆಡಬೇಕೆಂದು ಶಿಫಾರಸು ಮಾಡುತ್ತಾರೆ. ಸಾಯುವ ಗಿಡವನ್ನು ನೆಡುವುದಕ್ಕಿಂತ ಬದುಕುವ ಗಿಡವನ್ನು ನೆಡುವುದು ವಿವೇಕವೇ. ಆದರೆ ಅದರ ಇನ್ನೊಂದು ಮುಖವನ್ನು ನೋಡಿದಿರಾ? ಸೂಕ್ಷ್ಮಜಾತಿಗಳನ್ನೆಲ್ಲ ತೆಗೆದು ಗಟ್ಟಿಗರನ್ನೇ ನಿಲ್ಲಿಸಿದರೆ, ಗಾಳಿ ಕೆಟ್ಟಿದೆಯೆಂದು ಹೇಳುವವರೇ ಇಲ್ಲದಂತಾಗುತ್ತದೆ. ನ್ಯಾಯಾಲಯದಿಂದ ಸಾಕ್ಷಿಗಳನ್ನು ಹೊರಗೆ ಕಳಿಸಿ ತೀರ್ಪು ಬರೆದ ಹಾಗೆ. ಪ್ಯಾರಿಸಿನ ಉದ್ಯಾನವೊಂದರಲ್ಲಿ ಕಲ್ಲುಹೂಗಳು ಎಲ್ಲಿವೆ, ಎಲ್ಲಿಲ್ಲ ಎಂಬುದರಿಂದಲೇ ಗಾಳಿಯ ಗುಣವನ್ನು ತಿಳಿಯಬಹುದೆಂದು ನೈಲಾಂಡರ್ ಎಂಬಾತ 1866ರಲ್ಲಿ ಬರೆದ. ಅಮೆರಿಕದಲ್ಲಿ ತಂಬಾಕಿನ ಎಲೆಯ ಬಿಳಿ ಚುಕ್ಕೆಗಳಿಗೆ ಓಜೋನೇ ಕಾರಣವೆಂದು 1959ರಲ್ಲಿ ತಿಳಿದ ಮೇಲೆ, ಅತಿ ಸೂಕ್ಷ್ಮವಾದ ಒಂದು ತಂಬಾಕು ತಳಿಯನ್ನು ಬೇಕೆಂದೇ ಕುಂಡಗಳಲ್ಲಿ ಬೆಳೆಸಿ, ಊರೂರಲ್ಲಿ ಇಟ್ಟು, ಗಾಳಿಯನ್ನು ಅಳೆಯತೊಡಗಿದರು. ಬಲಹೀನನ ಮಾತನ್ನು ಕೇಳುವುದಕ್ಕೆ ಅವನಿಗೆ ಮೊದಲು ಜಾಗ ಕೊಡಬೇಕು. ನಾವು ಕೊಡುತ್ತಿರುವುದು ಯಾರಿಗೆ?

ನಗರದ ಹೊಗೆಯ ಫಲವನ್ನು ನಗರವೇ ಉಣ್ಣುತ್ತದೆಂದೂ ತಿಳಿಯಬೇಡಿ. ವಾಹನಗಳು ದಟ್ಟವಾಗಿರುವ ಬೀದಿಯಲ್ಲಿ ಅವು ಬಿಡುವ ನೈಟ್ರಿಕ್ ಆಕ್ಸೈಡೇ ಓಜೋನನ್ನು ನುಂಗುತ್ತದೆ. ಗಾಳಿಯೊಡನೆ ಊರಾಚೆಗೆ ಸಾಗಿ, ಬಿಸಿಲು ಕಾದ ಮೇಲೆ, ಹೊಲಗಳ ಮೇಲೆ ಅದು ಹೆಚ್ಚಾಗಿ ಹುಟ್ಟುತ್ತದೆ. 2005ನೆಯ ಇಸವಿಯಲ್ಲಿ ಭಾರತ ಓಜೋನಿನಿಂದ ಕಳೆದುಕೊಂಡ ಗೋಧಿ ಸುಮಾರು 35 ಲಕ್ಷ ಟನ್, ಬತ್ತ ಸುಮಾರು 21 ಲಕ್ಷ ಟನ್ ಎಂದು 2014ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಅಂದಾಜು ಅಂದಾಜೇ, ಹೆಚ್ಚುಕಡಮೆ ಇದ್ದೀತು. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಮೋಟಾರನ್ನು ಕಂಡೇ ಇರದ ರೈತನ ತೆನೆಯಲ್ಲಿ ಕಾಳು ಸಣ್ಣದಾದರೆ ಆ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಟ್ಟಿದೆ? ಎಲೆಯ ಮೇಲೆ ಚುಕ್ಕೆಯೂ ಇಲ್ಲದ್ದರಿಂದ ಅವನಿಗೆ ಕಳ್ಳತನವಾದುದೇ ಗೊತ್ತಿಲ್ಲ. 'ಈ ವರ್ಷ ಮಣ್ಣಲ್ಲಿ ಸಾರವಿಲ್ಲ' ಎಂದುಕೊಂಡು ಇನ್ನೊಂದು ಮೂಟೆ ಗೊಬ್ಬರ ತರುತ್ತಾನೆ. ಬಳ್ಳಾರಿಯ ಗಣಿಗಳ ದೂಳು ಕಣ್ಣಿಗೆ ಕಾಣುತ್ತಿತ್ತು. ಎಲೆಗಳ ಮೇಲೆ ಕೆಂಪಗೆ ಕೂತು ಬೆಳಕನ್ನೂ ಪತ್ರರಂಧ್ರವನ್ನೂ ಮುಚ್ಚುತ್ತಿತ್ತು. ಆದುದರಿಂದ ಕೂಗೆದ್ದಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಗಣಿಗಾರಿಕೆಯನ್ನು ತಡೆದದ್ದೂ ಆಯಿತು. ಕಾಣದ ಓಜೋನಿನ ಮೇಲೆ ಯಾರು ದಾವೆ ಹೂಡುತ್ತಾರೆ?

ಇಷ್ಟನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಗೆಳೆಯನೊಬ್ಬ, "ಹಾಗಾದರೆ ಗಿಡ ನೆಡುವುದೇ ಬೇಡವೆನ್ನುತ್ತೀಯಾ?" ಎಂದು ರೇಗಿದ. ನಾನು ಹಾಗೆನ್ನಲಿಲ್ಲ. ನೆರಳಿಗೆ ನೆಡೋಣ, ತಂಪಿಗೆ ನೆಡೋಣ, ಹಕ್ಕಿಗೆ, ಹೂವಿಗೆ, ಕಣ್ಣಿನ ಸಂತೋಷಕ್ಕೆ ನೆಡೋಣ. ಎಲೆಗಳು ದೂಳನ್ನು ತಡೆಯುವುದೂ ಸುಳ್ಳಲ್ಲ. ಆದರೆ ಹೊಗೆಯ ಲೆಕ್ಕವನ್ನು ಮರದ ಖಾತೆಗೆ ಹಾಕಿ ನಾವು ಕೈ ತೊಳೆದುಕೊಳ್ಳುವುದು ಬೇಡ. ಹೊಗೆಯನ್ನು ಹುಟ್ಟುವ ಕಡೆಯಲ್ಲೇ ಕಡಮೆ ಮಾಡಲು ಬರುತ್ತದೆ, ಮಾಡಿಯೂ ತೋರಿಸಿದ್ದೇವೆ. 2020ರ ಏಪ್ರಿಲ್ಲಿನಿಂದ ಇಡೀ ದೇಶದಲ್ಲಿ ಮಾರುವ ಪೆಟ್ರೋಲು, ಡೀಸೆಲುಗಳಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಹೆಬ್ಬಾಗಿಲ ಹೊಂಗೆ ತನ್ನ ಜನ್ಮವೆಲ್ಲ ದುಡಿದರೂ ಮಾಡಲಾಗದ ಕೆಲಸವನ್ನು ಒಂದು ಸರ್ಕಾರಿ ಆಜ್ಞೆ ಮಾಡಿತು. ಗಂಧಕ ಇಳಿದರೂ ನೈಟ್ರೊಜನ್ನಿನ ಆಕ್ಸೈಡುಗಳು ಉಳಿದಿವೆ, ಮಸಿ ಉಳಿದಿದೆ. ಆ ಮರ ಇನ್ನೂ ಕಪ್ಪಗಿರುವುದು ಅದಕ್ಕೇ.

ನನ್ನದು ಎರಡು ಸಣ್ಣ ಸಲಹೆ. ಕಾಂಪೌಂಡಿನ ಸಾಲಿನಲ್ಲಿ ಒಂದೇ ಗಟ್ಟಿ ಜಾತಿಯನ್ನು ತುಂಬದೆ, ಬೇಗ ಬಾಡುವ ಕೆಲವು ಸೂಕ್ಷ್ಮ ಗಿಡಗಳನ್ನೂ ಉಳಿಸಿ, ಪ್ರತಿ ತಿಂಗಳೂ ಅವುಗಳ ಎಲೆಗಳನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ವಿಜ್ಞಾನದ ಪದವಿ ಬೇಡ; ಬಾವಿಯ ಬಳಿಯ ಎಲೆಯನ್ನೂ ಹೆಬ್ಬಾಗಿಲ ಎಲೆಯನ್ನೂ ಪಕ್ಕಪಕ್ಕದಲ್ಲಿ ಅಂಟಿಸಿ ತಾರೀಖು ಹಾಕಿದರೆ ಸಾಕು, ಇತಿಹಾಸದ ವಿದ್ಯಾರ್ಥಿಗಳಿಗೆ ದಾಖಲೆಯ ಬೆಲೆ ಗೊತ್ತಿದೆ. ಎರಡನೆಯದು, ಹೆಬ್ಬಾಗಿಲಲ್ಲಿ ಕಾಯುವ ಬಸ್ಸುಗಳು ಇಂಜಿನ್ ಆರಿಸಬೇಕೆಂದು ಕೇಳುವುದು. ನಮ್ಮ ತರಗತಿಯ ನಲವತ್ತೊಂದು ಮಂದಿ ಸಹಿ ಮಾಡಿದ ಮನವಿಯೊಂದನ್ನು ಸಂಬಂಧಪಟ್ಟವರಿಗೆ ಕೊಟ್ಟು ಬಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಎಲೆಗಳ ಪುಸ್ತಕದಲ್ಲಿ ಮೂರು ಪುಟ ತುಂಬಿವೆ. ಸಸಿಗಳಿಗೆ ನೀರು ಹಾಕುವ ಸರದಿ ಈ ವಾರ ಎರಡನೆಯ ಬಿ.ಎ.ದವರದು.